ಶವರಿನ ಮೊದಲ ನಿಮಿಷ

ಎರಡು ವಾರ ಊರಿನಲ್ಲಿದ್ದು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ವಾಪಸಾದವರು ಮನೆಯ ಬೀಗ ತೆಗೆದ ಕೂಡಲೇ ಗೀಸರ್ ಸ್ವಿಚ್ ಒತ್ತುತ್ತಾರೆ. ಹತ್ತು ನಿಮಿಷ ಬಿಟ್ಟು ಬಚ್ಚಲಿನ ಬಾಗಿಲು ಹಾಕಿಕೊಂಡು ಶವರಿನ ಕೆಳಗೆ ನಿಲ್ಲುತ್ತಾರೆ. ಆಗ ಮೊದಲು ಬರುವುದು ಎರಡು ವಾರದಿಂದ ಗೋಡೆಯೊಳಗಿನ ಪೈಪಿನಲ್ಲಿ, ಶವರಿನ ಕೊಳವೆಯಲ್ಲಿ ಕದಲದೆ ನಿಂತಿದ್ದ ನೀರು. ಅದು ಮೈಮೇಲೆ ಬಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಸಣ್ಣ ತೂತುಗಳಿಂದ ರಭಸದಿಂದ ಹೊರಬಂದು, ನೆಲಕ್ಕೂ ಮೈಗೂ ಬಡಿದು, ಒಡೆದು ಚೂರಾಗುವ ಆ ನೀರಿನ ಒಂದಂಶ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲುತ್ತದೆ. ಮೀಯುವಷ್ಟು ಹೊತ್ತೂ ನಾವು ಆ ಹನಿಗಳನ್ನು ಉಸಿರಾಡುತ್ತಿರುತ್ತೇವೆ.

ನೀರಿನ ವಿಷಯದಲ್ಲಿ ನಮ್ಮ ಎಚ್ಚರವೆಲ್ಲ ಬಾಯಿಯ ಸುತ್ತಲೇ ಇದೆ. ಕಾಲರಾ, ಟೈಫಾಯ್ಡ್, ಕಾಮಾಲೆಗಳು ತಲೆಮಾರುಗಳಿಂದ ಕಲಿಸಿದ ಪಾಠ ಅದು: ಕುದಿಸಿ ಕುಡಿಯಿರಿ, ಸೋಸಿ ಕುಡಿಯಿರಿ. ಕುಡಿಯುವ ನೀರಿಗೆ ಫಿಲ್ಟರ್ ಇಟ್ಟು, ಕ್ಯಾನ್ ತರಿಸಿ, ಮೀಯುವ ನೀರು ಹೇಗಿದ್ದರೂ ನಡೆಯುತ್ತದೆ ಎಂದುಕೊಂಡಿದ್ದೇವೆ. ನೀರು ಉಸಿರಿನ ದಾರಿಯಿಂದಲೂ ಒಳಗೆ ಹೋಗುತ್ತದೆ, ಆ ದಾರಿಯಲ್ಲಿ ಹೊಟ್ಟೆಯ ಆಮ್ಲದ ಕಾವಲಿಲ್ಲ ಎಂಬುದು ವೈದ್ಯಲೋಕಕ್ಕೇ ಸ್ಪಷ್ಟವಾಗಿ ಗೊತ್ತಾಗಿದ್ದು ಐವತ್ತು ವರ್ಷಗಳ ಹಿಂದೆ. ಅದೂ ಮೂವತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ.

1976ರ ಜುಲೈ 21ರಿಂದ 24ರವರೆಗೆ ಅಮೆರಿಕದ ಫಿಲಡೆಲ್ಫಿಯಾ ನಗರದ ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘಟನೆಯ ಸಮಾವೇಶ ನಡೆಯಿತು. ದೇಶ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬಿದ ಸಂಭ್ರಮದ ತಿಂಗಳು. ಸಮಾವೇಶ ಮುಗಿಸಿ ತಮ್ಮತಮ್ಮ ಊರಿಗೆ ಹೋದವರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ವಿಪರೀತ ಜ್ವರ, ಮೈಕೈ ನೋವು, ಕೆಮ್ಮು, ಆಮೇಲೆ ನ್ಯುಮೋನಿಯಾ. ಹೋಟೆಲಿನ ಮುಂದಿನ ರಸ್ತೆಯಲ್ಲಿ ಓಡಾಡಿದ್ದ ಕೆಲವರಿಗೂ ಅದೇ ಕಾಯಿಲೆ ಬಂತು. ಒಟ್ಟು 221 ಮಂದಿ ಕಾಯಿಲೆ ಬಿದ್ದರು, 34 ಮಂದಿ ತೀರಿಕೊಂಡರು. ಹಂದಿಜ್ವರವೇ, ವಿಷವೇ, ನಿಕಲ್‌ನಂಥ ಲೋಹದ ಆವಿಯೇ ಎಂದು ತಿಂಗಳುಗಟ್ಟಲೆ ತಡಕಾಡಿದರೂ ಉತ್ತರ ಸಿಗಲಿಲ್ಲ. ಗಿರಾಕಿಗಳಿಲ್ಲದೆ ಹೋಟೆಲು ಆ ನವೆಂಬರಿನಲ್ಲಿ ಬಾಗಿಲು ಹಾಕಿತು.

ಉತ್ತರ ಸಿಕ್ಕ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದಲ್ಲಿ, ಅಂದರೆ ಸಿಡಿಸಿಯಲ್ಲಿ, ಕೆಲಸ ಮಾಡುತ್ತಿದ್ದ ಜೋಸೆಫ್ ಮೆಕ್‌ಡೇಡ್ ಅವರು ಸತ್ತವರ ಶ್ವಾಸಕೋಶದ ಅಂಶವನ್ನು ಗಿನಿ ಹಂದಿಗಳಿಗೆ ಚುಚ್ಚಿ ಪರೀಕ್ಷಿಸಿದ್ದರು. ಬೇಸಿಗೆಯಲ್ಲಿ ನೋಡಿದಾಗ ಅಲ್ಲೊಂದು ಇಲ್ಲೊಂದು ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಂಡಿತ್ತು. ಎಲ್ಲಿಂದಲೋ ಬಂದು ಸೇರಿರಬೇಕು ಎಂದು ಬಿಟ್ಟಿದ್ದರು. ಮೊಟ್ಟೆಯಲ್ಲಿ ರೋಗಾಣು ಬೆಳೆಸುವಾಗ ಬೇರೆ ಜೀವಿಗಳು ಬೆರೆಯದಿರಲೆಂದು ಆ್ಯಂಟಿಬಯೋಟಿಕ್ ಹಾಕುವುದು ವಾಡಿಕೆ. ಆ ಔಷಧಿಯೇ ಹುಡುಕುತ್ತಿದ್ದ ಕಳ್ಳನನ್ನೂ ಕೊಲ್ಲುತ್ತಿತ್ತು. ಡಿಸೆಂಬರಿನ ಕ್ರಿಸ್‌ಮಸ್ ರಜೆಯ ದಿನಗಳಲ್ಲಿ ಮೆಕ್‌ಡೇಡ್ ಹಳೆಯ ಗಾಜಿನ ಪಟ್ಟಿಗಳನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಕುಳಿತರು. ಒಂದು ಕಡೆ ಕಡ್ಡಿಗಳು ಗುಂಪಾಗಿ ಕಂಡವು. ಈ ಸಲ ಆ್ಯಂಟಿಬಯೋಟಿಕ್ ಇಲ್ಲದೆ ಮೊಟ್ಟೆಯಲ್ಲಿ ಬೆಳೆಸಿದರು, ಬೆಳೆಯಿತು. ಬದುಕುಳಿದವರ ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯಗಳೂ ಸಿಕ್ಕವು. 1977ರ ಜನವರಿಯಲ್ಲಿ ಮೆಕ್‌ಡೇಡ್ ಮತ್ತು ಅವರ ಹಿರಿಯ ಸಹೋದ್ಯೋಗಿ ಚಾರ್ಲ್ಸ್ ಶೆಪರ್ಡ್ ತಮ್ಮ ಶೋಧವನ್ನು ಪ್ರಕಟಿಸಿದರು. ಆ ಜೀವಿಗೆ ಲೀಜಿಯೊನೆಲ್ಲಾ ನ್ಯುಮೋಫಿಲಾ ಎಂದು ಹೆಸರಾಯಿತು, ಕಾಯಿಲೆಗೆ ಲೀಜನೇರ್ಸ್ ರೋಗವೆಂದು.

ಹೊಸ ರೋಗವೇ ಎಂದರೆ ಅದೂ ಅಲ್ಲ. 1968ರಲ್ಲಿ ಮಿಶಿಗನ್ ರಾಜ್ಯದ ಪಾಂಟಿಯಾಕ್ ಊರಿನ ಆರೋಗ್ಯ ಇಲಾಖೆಯ ಕಟ್ಟಡದಲ್ಲೇ 144 ಮಂದಿ ಜ್ವರದಲ್ಲಿ ಮಲಗಿ, ಕೆಲವೇ ದಿನಗಳಲ್ಲಿ ಎಲ್ಲರೂ ಎದ್ದು ಕೂತಿದ್ದರು. ಶೈತ್ಯಾಗಾರದಲ್ಲಿ ಜೋಪಾನವಾಗಿಟ್ಟಿದ್ದ ಅವರ ರಕ್ತದ ಮಾದರಿಗಳನ್ನು ಹೊರತೆಗೆದು ನೋಡಿದಾಗ ಅದೂ ಇದೇ ಬ್ಯಾಕ್ಟೀರಿಯಾದ ಕೆಲಸವೆಂದು ತಿಳಿಯಿತು. ನ್ಯುಮೋನಿಯಾಕ್ಕೆ ತಿರುಗದ ಆ ಸೌಮ್ಯ ರೂಪವನ್ನು ಇವತ್ತಿಗೂ ಪಾಂಟಿಯಾಕ್ ಜ್ವರವೆಂದೇ ಕರೆಯುತ್ತಾರೆ.

ಫಿಲಡೆಲ್ಫಿಯಾದಲ್ಲಿ ಅನುಮಾನ ಹೋದದ್ದು ಹವಾನಿಯಂತ್ರಣ ವ್ಯವಸ್ಥೆಯ ಮೇಲೆ. ದೊಡ್ಡ ಕಟ್ಟಡಗಳ ಕೂಲಿಂಗ್ ಟವರ್‌ಗಳಿಂದ ಹೊರಬೀಳುವ ತುಂತುರು ಇಂದಿಗೂ ಈ ರೋಗದ ದೊಡ್ಡ ಮೂಲ. ಶವರಿನ ಹೆಸರು ಸೇರಿದ್ದು ಕೆಲವೇ ವರ್ಷಗಳಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಮೂತ್ರಪಿಂಡ ಕಸಿ ಮಾಡಿಸಿಕೊಂಡ ರೋಗಿಗಳ ಘಟಕದಲ್ಲಿ ಈ ನ್ಯುಮೋನಿಯಾ ಕಾಣಿಸಿಕೊಂಡಾಗ ಅಲ್ಲಿನ ಶವರ್‌ಗಳಲ್ಲೇ ಬ್ಯಾಕ್ಟೀರಿಯಾ ಸಿಕ್ಕಿತು. ಆ ವರದಿ 1980ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೊಸ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನೇ ಔಷಧಿಯಿಂದ ಕುಗ್ಗಿಸಿಕೊಂಡವರು ಅವರು. ಆಸ್ಪತ್ರೆಯ ಒಳಗೇ, ಶುಚಿಯಾಗಲೆಂದು ಹೋದ ಜಾಗದಲ್ಲೇ ಅಪಾಯ ಕಾದಿತ್ತು ಎಂಬುದು ನನ್ನನ್ನು ಈಗಲೂ ಕಾಡುವ ಸಂಗತಿ.

ಹಾಗಾದರೆ ಈ ಜೀವಿ ನಮ್ಮ ನಲ್ಲಿಗೆ ಬರುವುದು ಎಲ್ಲಿಂದ? ಅದು ಕೆರೆ, ಹೊಳೆ, ಒದ್ದೆ ಮಣ್ಣುಗಳ ಸಹಜ ನಿವಾಸಿ. ಅಲ್ಲಿ ಅದರ ಸಂಖ್ಯೆ ಕಡಿಮೆ, ಅಪಾಯವೂ ಕಡಿಮೆ. ಶುದ್ಧೀಕರಣ ಘಟಕದ ಕ್ಲೋರಿನ್ ದಾಟಿ ಅಲ್ಪಸ್ವಲ್ಪ ಪೈಪಿನೊಳಗೆ ನುಸುಳುತ್ತದೆ. ನೀರು ಹರಿಯುತ್ತಿದ್ದರೆ, ತೀರಾ ತಣ್ಣಗೋ ತೀರಾ ಬಿಸಿಯೋ ಇದ್ದರೆ ಅದು ಹೆಚ್ಚಲಾರದು. 20 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಸುಮ್ಮನಿರುತ್ತದೆ. 60 ಡಿಗ್ರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ, 50 ಡಿಗ್ರಿಯಲ್ಲಿ ಸಾಯಲು ಗಂಟೆಗಳು ಬೇಕು. ಆ ತಣ್ಣಗಿನ ನೀರಿಗೂ ಈ ಬಿಸಿನೀರಿಗೂ ನಡುವೆ, ಅದರಲ್ಲೂ ನಮ್ಮ ಮೈಬಿಸಿಯ ಆಸುಪಾಸಿನಲ್ಲಿ, ಅದು ಹುಲುಸಾಗಿ ಬೆಳೆಯುತ್ತದೆ. ನಾವು ಹಿತವಾಗಿದೆ ಎನ್ನುವ ಉಗುರುಬೆಚ್ಚಗಿನ ನೀರು ಅದಕ್ಕೂ ಹಿತ.

ಬರೀ ನೀರಿನಲ್ಲಿ ಒಂಟಿಯಾಗಿ ತೇಲುತ್ತಾ ಅದು ಬೆಳೆಯುವುದಿಲ್ಲ. ಪೈಪಿನ ಒಳಗೋಡೆಗೆ ಅಂಟಿಕೊಂಡ ಲೋಳೆಯ ಪದರವೊಂದಿರುತ್ತದೆ. ನೂರಾರು ಬಗೆಯ ಬೇರೆ ಬ್ಯಾಕ್ಟೀರಿಯಾಗಳು ಸೇರಿ ಕಟ್ಟಿಕೊಂಡ ಪದರ ಅದು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗೆ ಲೀಜಿಯೊನೆಲ್ಲಾ ಅಲ್ಲಿ ನೆಲೆಸುತ್ತದೆ. ಆ ಲೋಳೆಯನ್ನು ಮೇಯಲು ಅಮೀಬಾಗಳು ಬರುತ್ತವೆ. ಸಿಕ್ಕ ಬ್ಯಾಕ್ಟೀರಿಯಾವನ್ನೆಲ್ಲ ನುಂಗಿ ಅರಗಿಸಿಕೊಳ್ಳುವುದು ಅಮೀಬಾದ ಕಸುಬು, ಆದರೆ ಲೀಜಿಯೊನೆಲ್ಲಾ ಅರಗುವುದಿಲ್ಲ. ನುಂಗಿದ ಚೀಲದೊಳಗೇ ಬದುಕಿ, ಅಮೀಬಾದ ಆಹಾರವನ್ನೇ ತಿಂದು ಸಂಖ್ಯೆ ಹೆಚ್ಚಿಸಿಕೊಂಡು, ಕೊನೆಗೆ ಅಮೀಬಾವನ್ನೇ ಒಡೆದು ಹೊರಬರುತ್ತದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ತಿಮೊತಿ ರೋಬೊತಮ್ 1980ರಲ್ಲಿ ಇದನ್ನು ತೋರಿಸಿಕೊಟ್ಟರು. ಅಮೀಬಾ ಗಟ್ಟಿ ಕವಚ ಕಟ್ಟಿಕೊಂಡು ಮುದುರಿದರೆ ಒಳಗಿರುವ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ತಾಗುವುದೂ ಕಷ್ಟ.

ನಮ್ಮ ಶ್ವಾಸಕೋಶದ ತುದಿಯ ಗಾಳಿಗೂಡುಗಳಲ್ಲಿ ಕಾವಲಿಗೆಂದು ಭಕ್ಷಕ ಕೋಶಗಳಿವೆ. ಧೂಳು, ರೋಗಾಣು ಏನು ಬಂದರೂ ನುಂಗಿ ಮುಗಿಸುವ ಈ ಕೋಶಗಳ ಕೆಲಸ ಅಮೀಬಾದ ಕೆಲಸದಂತೆಯೇ. ಹೊಳೆಯ ಅಮೀಬಾದೊಳಗೆ ಬದುಕುವ ವಿದ್ಯೆ ಕಲಿತ ಲೀಜಿಯೊನೆಲ್ಲಾ ಅದೇ ವಿದ್ಯೆಯಿಂದ ಕಾವಲು ಕೋಶದೊಳಗೂ ಬದುಕುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡದಿರುವುದಕ್ಕೂ ಇದು ಒಪ್ಪುವ ವಿವರಣೆ. ಅದರ ಬದುಕು ನೀರಿನಲ್ಲಿ, ನಾವು ಅದಕ್ಕೆ ಅಕಸ್ಮಾತ್ತಾಗಿ ಸಿಕ್ಕವರು. ಹಾಗೆ ಸಿಗಬೇಕಾದರೆ ಹನಿ ತೀರಾ ಸಣ್ಣದಿರಬೇಕು. ಒಂದು ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗದಷ್ಟು ಅಥವಾ ಅದಕ್ಕಿಂತ ಚಿಕ್ಕ ಹನಿಗಳೇ ಗಾಳಿಗೂಡಿನವರೆಗೆ ಇಳಿಯುವುದು. ದೊಡ್ಡ ಹನಿಗಳು ಮೂಗಿನಲ್ಲೋ ಗಂಟಲಲ್ಲೋ ನಿಂತುಬಿಡುತ್ತವೆ.

ಹನಿಗಳ ಶಕ್ತಿ ಎಷ್ಟೆಂದು 1999ರಲ್ಲಿ ನೆದರ್ಲೆಂಡ್ಸ್ ದೇಶ ಕಂಡಿತು. ಬೋವೆನ್‌ಕಾರ್ಸ್‌ಪೆಲ್ ಎಂಬ ಊರಿನ ಫಲಪುಷ್ಪ ಪ್ರದರ್ಶನದಲ್ಲಿ, ಗುಳ್ಳೆ ಉಕ್ಕಿಸುವ ಬಿಸಿನೀರಿನ ತೊಟ್ಟಿಯೊಂದನ್ನು ಮಾರಾಟಕ್ಕೆಂದು ತುಂಬಿಸಿ ಓಡಿಸುತ್ತಿದ್ದರು. ಅದರಲ್ಲಿ ಯಾರೂ ಮೀಯಲಿಲ್ಲ. ಹೂ ನೋಡುತ್ತಾ ಪಕ್ಕದಲ್ಲಿ ನಡೆದುಹೋದವರಿಗೆ ಕಾಯಿಲೆ ಬಂತು. ಸತ್ತವರು ಮೂವತ್ತಕ್ಕೂ ಹೆಚ್ಚು.

ಶವರಿನಲ್ಲಿ ಇರುವುದು ಲೀಜಿಯೊನೆಲ್ಲಾ ಒಂದೇ ಅಲ್ಲ. ಬಳಕೆ ಕಡಿಮೆಯಿರುವ ಬಚ್ಚಲಿನ ಶವರ್ ತಲೆಯನ್ನು ಒಮ್ಮೆ ತಿರುಗಿಸಿ ಬಿಚ್ಚಿ ನೋಡಿ. ಬೋರ್‌ವೆಲ್ ನೀರಿನ ಮನೆಯಾದರೆ ತೂತುಗಳ ಸುತ್ತ ಸುಣ್ಣದ ಬಿಳಿ ಕರೆ ಗಟ್ಟಿಯಾಗಿ ಕಟ್ಟಿರುತ್ತದೆ. ಒಳಗಿನ ರಬ್ಬರ್ ವಾಷರಿನ ಅಂಚಿಗೆ ಬೆರಳಾಡಿಸಿದರೆ ಜಾರುತ್ತದೆ. ಬೆರಳಿಗೆ ಕಂದೋ ಕಪ್ಪೋ ಆದ ಲೋಳೆ ಹತ್ತುತ್ತದೆ. ತಲೆಯನ್ನು ಅಲುಗಿಸಿದರೆ ಎಂದೋ ನಿಲ್ಲಿಸಿದ ಶವರಿನಿಂದ ಇನ್ನೂ ಅರ್ಧ ಲೋಟ ನೀರು ಸುರಿಯುತ್ತದೆ. ಕೈಶವರಿನ ಬಳುಕುವ ಕೊಳವೆಯೊಳಗೆ ಇಣುಕಿದರೆ ಇನ್ನಷ್ಟು ಲೋಳೆ. ಒದ್ದೆ, ಕತ್ತಲೆ, ಬೆಚ್ಚಗೆ, ಆಗೀಗ ಹೊಸ ನೀರಿನ ಊಟ. ಇದಕ್ಕಿಂತ ಒಳ್ಳೆಯ ಮನೆ ಸೂಕ್ಷ್ಮಜೀವಿಗಳಿಗೆ ಬೇಕಿಲ್ಲ.

ಈ ಲೋಳೆಯನ್ನೇ ಕೊಲೊರಾಡೊ ವಿಶ್ವವಿದ್ಯಾಲಯದ ನಾರ್ಮನ್ ಪೇಸ್ ಅವರ ತಂಡ ಅಮೆರಿಕದ ಒಂಬತ್ತು ನಗರಗಳ ಸುಮಾರು 45 ಶವರ್‌ಗಳಿಂದ ಕೆರೆದು ತೆಗೆದು ಅದರಲ್ಲಿನ ಡಿಎನ್‌ಎ ಪರೀಕ್ಷಿಸಿತು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎದ್ದು ಕಂಡದ್ದು ಮೈಕೊಬ್ಯಾಕ್ಟೀರಿಯಂ ಕುಲದ ಜೀವಿಗಳು. ಕ್ಷಯದ ರೋಗಾಣುವಿಗೆ ಇವು ದಾಯಾದಿಗಳು, ಆದರೆ ಕ್ಷಯ ತರುವಂಥವಲ್ಲ. ಅವುಗಳಲ್ಲಿ ಮೈಕೊಬ್ಯಾಕ್ಟೀರಿಯಂ ಏವಿಯಂ ಎಂಬುದು ಕೆಲವು ಶವರ್‌ಗಳಲ್ಲಿ, ಒಳಬರುವ ನೀರಿನಲ್ಲಿ ಇದ್ದುದಕ್ಕಿಂತ ನೂರು ಪಟ್ಟಿಗೂ ಹೆಚ್ಚು ದಟ್ಟವಾಗಿತ್ತು. ಇವುಗಳ ಮೈಮೇಲೆ ಮೇಣದ ಹೊದಿಕೆಯಿದೆ. ಆ ಹೊದಿಕೆಯಿಂದ ಕ್ಲೋರಿನ್ ಸುಲಭವಾಗಿ ತಾಗುವುದಿಲ್ಲ, ಬಿಸಿಯನ್ನೂ ಲೀಜಿಯೊನೆಲ್ಲಾಗಿಂತ ಹೆಚ್ಚು ತಾಳುತ್ತವೆ. ಮೇಣವಾದ್ದರಿಂದ ನೀರಿಗೆ ಒಗ್ಗದೆ ಮೇಲ್ಮೈಗೆ ಬರುತ್ತವೆ, ಹನಿ ಸಿಡಿಯುವಾಗ ಅದರ ಜೊತೆ ಹಾರುತ್ತವೆ. 2018ರಲ್ಲಿ ಅದೇ ವಿಶ್ವವಿದ್ಯಾಲಯದ ನೋವಾ ಫಿಯರರ್ ಮತ್ತು ಸಂಗಡಿಗರು ಅಮೆರಿಕ, ಯುರೋಪುಗಳ 656 ಮನೆಗಳಿಂದ ಮಾದರಿ ತರಿಸಿ ನೋಡಿದಾಗ ಒಂದು ಯೋಚಿಸಬೇಕಾದ ಸಂಗತಿ ಹೊರಬಿತ್ತು. ಬಾವಿಯ ನೀರು ಬಳಸುವ ಮನೆಗಳಿಗಿಂತ ಕ್ಲೋರಿನ್ ಹಾಕಿದ ನಗರದ ನೀರು ಬಳಸುವ ಮನೆಗಳ ಶವರಿನಲ್ಲಿ ಈ ಜೀವಿಗಳು ಹೆಚ್ಚಿದ್ದವು. ಕ್ಲೋರಿನ್ ಉಳಿದವರನ್ನು ಕೊಂದು ಇವುಗಳಿಗೆ ಜಾಗ ಖಾಲಿ ಮಾಡಿಕೊಟ್ಟಿರಬೇಕು.

ಹಾಗೆಂದು ಕ್ಲೋರಿನ್ ಬೇಡವೆನ್ನುವ ತೀರ್ಮಾನಕ್ಕೆ ಯಾರೂ ಹಾರಬಾರದು. ಕಾಲರಾ, ಟೈಫಾಯ್ಡ್‌ಗಳಿಂದ ಅದು ಉಳಿಸಿದ ಜೀವಗಳ ಮುಂದೆ ಇದು ಸಣ್ಣ ಮಾತು.

ಈ ಮೈಕೊಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ತರುವ ಕಾಯಿಲೆ ಲೀಜನೇರ್ಸ್ ರೋಗದಂತೆ ದಿಢೀರನೆ ಬರುವುದಿಲ್ಲ. ತಿಂಗಳುಗಟ್ಟಲೆ ಬಿಡದ ಕೆಮ್ಮು, ಕಫ, ಸುಸ್ತು, ಇಳಿಯುವ ತೂಕ, ಕೆಲವೊಮ್ಮೆ ಕಫದಲ್ಲಿ ರಕ್ತ. ನಮ್ಮಲ್ಲಿ ಇಂಥ ರೋಗಿ ಬಂದರೆ ಮೊದಲು ಹೊಳೆಯುವುದು ಕ್ಷಯ, ಹೊಳೆಯಲೂ ಬೇಕು. ಕಫವನ್ನು ಗಾಜಿನ ಪಟ್ಟಿಗೆ ಸವರಿ ಬಣ್ಣ ಹಾಕಿ ನೋಡುವ ಹಳೆಯ ಪರೀಕ್ಷೆಯಲ್ಲಿ ಕ್ಷಯದ ಕಡ್ಡಿಯೂ ಈ ದಾಯಾದಿಯ ಕಡ್ಡಿಯೂ ಒಂದೇ ರೀತಿ ಕೆಂಪಾಗಿ ಕಾಣುತ್ತವೆ. ಹೀಗಾಗಿ ಕ್ಷಯದ ಮಾತ್ರೆ ಶುರುವಾಗುತ್ತದೆ, ಗುಣವಾಗುವುದಿಲ್ಲ, ಔಷಧಿಗೆ ಬಗ್ಗದ ಕ್ಷಯವಿರಬಹುದೆಂಬ ಭಯ ಹುಟ್ಟುತ್ತದೆ. ಸಿಬಿನ್ಯಾಟ್ ಎಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕರೆಯುವ ಜೀನ್ ಪರೀಕ್ಷೆ ಕ್ಷಯದ ರೋಗಾಣುವನ್ನು ಮಾತ್ರ ಗುರುತಿಸುತ್ತದೆ. ಸವರು ಪರೀಕ್ಷೆಯಲ್ಲಿ ಕಡ್ಡಿ ಕಂಡು, ಸಿಬಿನ್ಯಾಟ್‌ನಲ್ಲಿ ಕ್ಷಯ ಇಲ್ಲವೆಂದು ಬಂದರೆ ವೈದ್ಯರು ಈ ದಾಯಾದಿಯನ್ನು ನೆನೆಯಬೇಕು, ಕಫವನ್ನು ಕಲ್ಚರ್‌ಗೆ ಕಳಿಸಬೇಕು. ಇದರ ಚಿಕಿತ್ಸೆಯೂ ದೀರ್ಘ. ಎರಡು ಮೂರು ಔಷಧಿ ಸೇರಿಸಿ ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳಬೇಕಾಗುತ್ತದೆ. ಇದು ಅಪರೂಪದ ವಿವರವೆಂದು ತಳ್ಳಿಹಾಕಬೇಡಿ. ಹಳೆಯ ಕ್ಷಯದಿಂದ ಶ್ವಾಸಕೋಶದಲ್ಲಿ ಗಾಯದ ಗುರುತು ಉಳಿದವರು, ಹೊಗೆಯಿಂದ ದಮ್ಮು ಹಿಡಿದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಈ ಜೀವಿಗೆ ಸುಲಭವಾಗಿ ತುತ್ತಾಗುವ ಶ್ವಾಸಕೋಶಗಳು ಅಂಥವೇ.

ಈಗ ಹೆದರಿಕೆಯ ಅಳತೆಯ ಮಾತು. ಕೋಟ್ಯಂತರ ಜನ ದಿನಾ ಶವರಿನಲ್ಲಿ ಮೀಯುತ್ತಾರೆ, ಹೆಚ್ಚುಕಡಿಮೆ ಎಲ್ಲರೂ ಆರಾಮಾಗಿದ್ದಾರೆ. ಆರೋಗ್ಯವಂತ ಯುವಕ ಯುವತಿಯರಿಗೆ, ಮಕ್ಕಳಿಗೆ ಇದರಿಂದ ತೊಂದರೆ ತೀರಾ ವಿರಳ. ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ಉಬ್ಬಸ ದಮ್ಮಿನವರು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆಯವರು, ಕೀಮೊ ತೆಗೆದುಕೊಳ್ಳುತ್ತಿರುವವರು, ಅಂಗ ಕಸಿ ಆದವರು, ದೀರ್ಘಕಾಲ ಸ್ಟೆರಾಯ್ಡ್ ನುಂಗುವವರು, ಇವರಿಗೆ ಅಪಾಯ ನಿಜವಾದದ್ದು. ಲೀಜನೇರ್ಸ್ ರೋಗ ಬಂದ ಹತ್ತರಲ್ಲಿ ಒಬ್ಬರು ಸಾಯುತ್ತಾರೆ, ಆಸ್ಪತ್ರೆಯಲ್ಲೇ ಅಂಟಿಸಿಕೊಂಡವರಲ್ಲಿ ನಾಲ್ಕರಲ್ಲಿ ಒಬ್ಬರು ಎಂದು ಸಿಡಿಸಿ ಲೆಕ್ಕ ಕೊಡುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ 52,000ದಿಂದ 70,000 ಮಂದಿಗೆ ಈ ರೋಗ ತಗಲುತ್ತಿರಬಹುದೆಂದು ಅಲ್ಲಿನ ರಾಷ್ಟ್ರೀಯ ಅಕಾಡೆಮಿಗಳು 2019ರಲ್ಲಿ ಅಂದಾಜಿಸಿದವು. ಪತ್ತೆಯಾಗಿ ದಾಖಲಾಗುವುದು ಅದರ ಒಂದು ಪಾಲು ಮಾತ್ರ. ಅಷ್ಟೊಂದು ಪರೀಕ್ಷೆ ಮಾಡುವ ದೇಶದ ಕಥೆಯೇ ಹೀಗಾದರೆ, ನ್ಯುಮೋನಿಯಾ ಎಂದೊಡನೆ ಮಾಮೂಲಿ ಔಷಧಿ ಶುರುಮಾಡಿ ಕಾರಣದ ಹುಡುಕಾಟಕ್ಕೆ ವ್ಯವಧಾನವಿಲ್ಲದ ನಮ್ಮ ಕಡೆ ಎಷ್ಟು ಸಾವುಗಳು ಬರೀ ನ್ಯುಮೋನಿಯಾ ಎಂಬ ಹೆಸರಿನಲ್ಲಿ ಮುಗಿದುಹೋಗುತ್ತಿರಬಹುದು ಎಂದು ಯೋಚಿಸಬೇಕು.

ಬ್ರಿಟನ್ನಿನಲ್ಲಿ ಕಟ್ಟಡಗಳಿಗೆ ನಿಯಮವಿದೆ. ಬಿಸಿನೀರನ್ನು 60 ಡಿಗ್ರಿಯಲ್ಲಿ ಕೂಡಿಡಬೇಕು, ನಲ್ಲಿಗೆ ಬರುವಾಗ 50 ಇರಬೇಕು, ತಣ್ಣೀರು 20 ಡಿಗ್ರಿಗಿಂತ ಕೆಳಗಿರಬೇಕು, ಬಳಸದ ನಲ್ಲಿಗಳನ್ನು ವಾರಕ್ಕೊಮ್ಮೆ ಹರಿಯಬಿಡಬೇಕು, ಶವರ್ ತಲೆಗಳನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು. ಇದರಲ್ಲಿ ತಣ್ಣೀರಿನ ನಿಯಮ ನಮ್ಮ ಹವೆಗೆ ಆಗಿಬರುವ ಮಾತಲ್ಲ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ, ಕಲಬುರಗಿಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಬರುವುದೇ ಬಿಸಿನೀರು. ತಾರಸಿಯ ಕಪ್ಪು ಟ್ಯಾಂಕಿನಲ್ಲಿ ಬಿಸಿಲಿಗೆ ಕಾದ ನೀರು ಲೀಜಿಯೊನೆಲ್ಲಾಕ್ಕೆ ಬೇಕಾದ ಶಾಖದಲ್ಲೇ ದಿನವಿಡೀ ಇರುತ್ತದೆ. ರಕ್ಷಣೆಯ ಒಂದು ಬಾಗಿಲು ನಮಗೆ ಹುಟ್ಟಿನಿಂದಲೇ ಮುಚ್ಚಿದೆ ಎಂದಮೇಲೆ ಉಳಿದವುಗಳನ್ನು ನಾವು ಅವರಿಗಿಂತ ಹೆಚ್ಚು ಗಟ್ಟಿಯಾಗಿ ಹಿಡಿಯಬೇಕು.

ಅದರಲ್ಲಿ ಮುಖ್ಯವಾದದ್ದು ಗೀಸರ್. ಕರೆಂಟ್ ಬಿಲ್ಲಿನ ಚಿಂತೆಯಿಂದ ಹದಿನೈದು, ಇಪ್ಪತ್ತೈದು ಲೀಟರಿನ ಗೀಸರನ್ನು ಮೀಯುವ ಹತ್ತು ನಿಮಿಷ ಮುಂಚೆ ಹಾಕಿ, ನೀರು ಬೆಚ್ಚಗಾದ ಕೂಡಲೇ ಆರಿಸುವುದು ನಮ್ಮ ಮನೆಗಳ ಪದ್ಧತಿ. ಆ ನೀರು 40 ಡಿಗ್ರಿಯ ಆಚೀಚೆ ಮುಟ್ಟಿ, ಉಳಿದದ್ದು ನಿಧಾನವಾಗಿ ಆರುತ್ತಾ ಮರುದಿನದವರೆಗೆ ಅಲ್ಲೇ ಇರುತ್ತದೆ. ವಾರದಲ್ಲಿ ಒಂದೆರಡು ದಿನವಾದರೂ ಥರ್ಮೊಸ್ಟಾಟನ್ನು 60ಕ್ಕಿಟ್ಟು, ತಾನಾಗಿ ಕಟ್ ಆಗುವವರೆಗೆ ಕಾಯಲು ಬಿಡಬೇಕು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಬೇಯಿಸುತ್ತದೆ, ಮಕ್ಕಳೂ ವಯಸ್ಸಾದವರೂ ಇರುವ ಮನೆಯಲ್ಲಿ ಅವತ್ತು ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿ ಬೆರೆಸುವುದನ್ನು ಮರೆಯಬಾರದು. ಮೂರು ಲೀಟರಿನ ಇನ್‌ಸ್ಟಂಟ್ ಗೀಸರಿನಲ್ಲಿ ನೀರು ಹೆಚ್ಚು ಹೊತ್ತು ಕೂಡಿಡುವ ಪ್ರಶ್ನೆ ಅಷ್ಟಾಗಿ ಇಲ್ಲ.

ಸೋಲಾರ್ ಹೀಟರಿನದು ಬೇರೆಯೇ ಕಥೆ. ಬೆಂಗಳೂರಿನ ತಾರಸಿಗಳಲ್ಲಿ ಅವು ಸಾಲುಗಟ್ಟಿವೆ. ಒಳ್ಳೆಯ ಬಿಸಿಲಿನ ದಿನ ಅದರ ಟ್ಯಾಂಕು 60 ಡಿಗ್ರಿ ಮುಟ್ಟುತ್ತದೆ, ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆ. ಜೂನ್ ಜುಲೈನ ಮೋಡ ಕವಿದ ವಾರಗಳಲ್ಲಿ ಇನ್ನೂರು ಲೀಟರ್ ನೀರು ಉಗುರುಬೆಚ್ಚಗೆ ದಿನಗಟ್ಟಲೆ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಕರೆಂಟ್ ಕಾಯಿಲ್ ಜೋಡಿಸಿದ್ದರೆ ಆ ದಿನಗಳಲ್ಲಿ ವಾರಕ್ಕೊಮ್ಮೆ ಅದನ್ನು ಹಾಕಿ ಪೂರ್ತಿ ಕಾಯಿಸುವುದು ಒಳ್ಳೆಯದು. ತಾರಸಿಯಿಂದ ಕೆಳಮಹಡಿಗೆ ಬಿಸಿನೀರು ಬರುವವರೆಗೆ ಒಂದೆರಡು ಬಕೆಟ್ ತಣ್ಣೀರು ಹಿಡಿದು ಪಕ್ಕಕ್ಕಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಬೇಸರದಿಂದ ಮಾಡುವ ಆ ಕೆಲಸ ನಿಜಕ್ಕೂ ರಕ್ಷಣೆ. ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ಶವರಿನ ಬಾಯಿಯಿಂದ ತುಂತುರಾಗದೆ ಬಕೆಟ್ಟಿಗೆ ಹೋಗುತ್ತದೆ. ನೆಲ ಒರೆಸಲು, ಕಮೋಡಿಗೆ ಸುರಿಯಲು ಅದೇ ನೀರು ಸಾಕು.

ಊರಿಂದ ಬಂದ ದಿನವೂ ಮಾಡಬೇಕಾದದ್ದು ಇದನ್ನೇ. ಶವರ್ ತಿರುಗಿಸುವ ಮೊದಲು ಕೆಳಗಿನ ನಲ್ಲಿಯಲ್ಲಿ ಬಿಸಿ, ತಣ್ಣೀರು ಎರಡನ್ನೂ ಕೆಲವು ನಿಮಿಷ ಹರಿಯಬಿಡಿ. ಕೈಶವರ್ ಇದ್ದರೆ ಅದರ ತಲೆಯನ್ನು ಬಕೆಟ್ಟಿನ ನೀರಿನೊಳಗೆ ಮುಳುಗಿಸಿ ಹರಿಸಿ, ಆಗ ಹನಿ ಹಾರುವುದಿಲ್ಲ. ಗೋಡೆಯ ಶವರಾದರೆ ತಲೆಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಅದರ ತುದಿ ಕತ್ತರಿಸಿ, ನೀರು ಬಿಟ್ಟು ಹೊರಗೆ ಬನ್ನಿ. ಕಿಟಕಿ ತೆರೆದಿರಲಿ, ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಖಾಲಿ ಬಿದ್ದಿದ್ದ ಕಚೇರಿಗಳಿಗೆ ಮರಳುವ ಮುನ್ನ ಹೀಗೆ ನೀರು ಹರಿಸಿ ಎಂದು ಲೋಕಕ್ಕೆಲ್ಲ ತಿಳಿಸಿದ್ದು ಸಿಡಿಸಿ. 2020ರ ಆಗಸ್ಟಿನಲ್ಲಿ ಅಟ್ಲಾಂಟಾದಲ್ಲಿ ಅದೇ ಸಿಡಿಸಿ ಬಾಡಿಗೆಗೆ ಹಿಡಿದಿದ್ದ ಕೆಲವು ಕಟ್ಟಡಗಳ ನೀರಿನಲ್ಲೂ ಲೀಜಿಯೊನೆಲ್ಲಾ ಸಿಕ್ಕಿ ಅವನ್ನು ಮುಚ್ಚಬೇಕಾಯಿತು. ತಿಳಿದವರ ಕಟ್ಟಡದಲ್ಲೂ ನೀರು ನಿಂತರೆ ಇದು ಬೆಳೆಯುತ್ತದೆ.

ಶವರ್ ತಲೆಯ ಸುಣ್ಣದ ಕರೆಗೆ ವಿನೆಗರ್ ಸಾಕು. ಬಿಚ್ಚಿ ರಾತ್ರಿಯಿಡೀ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಹೊರಗೆ ತಿಕ್ಕಬೇಕು. ಲೋಳೆಯನ್ನು ತಿಕ್ಕಿ ತೆಗೆಯುವುದು ಮುಖ್ಯ, ಬರೀ ಬ್ಲೀಚಿಂಗ್ ದ್ರಾವಣ ಸುರಿದು ಸಮಾಧಾನಪಡುವುದು ಸಾಲದು. ಪೇಸ್ ಅವರ ತಂಡ ಬ್ಲೀಚ್ ಹಾಕಿ ತೊಳೆದ ಒಂದು ಪ್ಲಾಸ್ಟಿಕ್ ಶವರನ್ನು ಆಮೇಲೆ ಪರೀಕ್ಷಿಸಿದಾಗ ಮೈಕೊಬ್ಯಾಕ್ಟೀರಿಯಾದ ಒಂದು ಜಾತಿ ಮೂರು ಪಟ್ಟು ಹೆಚ್ಚಿತ್ತು. ಕಸಿಯಾದವರೋ ಕೀಮೊ ನಡೆಯುತ್ತಿರುವವರೋ ಇರುವ ಮನೆಯಲ್ಲಿ ಹಳೆಯ ಶವರ್ ತಲೆ, ಕೊಳವೆಗಳನ್ನು ಬದಲಿಸುವುದೇ ಲೇಸು. ಅವರಿಗೆ ನಾನು ಕೊಡುವ ಸಲಹೆ ಇನ್ನೂ ಸರಳ: ಆ ತಿಂಗಳುಗಳಲ್ಲಿ ಶವರ್ ಬಿಟ್ಟುಬಿಡಿ, ಬಕೆಟ್ಟು ಚೊಂಬಿನಲ್ಲಿ ಮೀಯಿರಿ. ಚೊಂಬಿನಿಂದ ಸುರಿದ ನೀರಿನಲ್ಲಿ ಶ್ವಾಸಕೋಶಕ್ಕಿಳಿಯುವಷ್ಟು ಸಣ್ಣ ಹನಿಗಳು ಬಹಳ ಕಡಿಮೆ. ಮಲೆನಾಡಿನ ಬಚ್ಚಲಿನಲ್ಲಿ ಸೌದೆ ಒಲೆಯ ಮೇಲೆ ಹಂಡೆಯಲ್ಲಿ ಕೊತಕೊತ ಕುದಿಸಿ, ತಣ್ಣೀರು ಬೆರೆಸಿ ಹುಯ್ದುಕೊಳ್ಳುವ ಪದ್ಧತಿಯಲ್ಲಿ ಕೂಡಿಟ್ಟ ಉಗುರುಬೆಚ್ಚಗಿನ ನೀರಿಗೂ ತುಂತುರಿಗೂ ಜಾಗವಿರಲಿಲ್ಲ.

ಮನೆಯಲ್ಲಿ ಉಸಿರಿಗೆ ನೇರವಾಗಿ ನೀರು ಕೊಡುವ ಸಾಧನಗಳೂ ಇವೆ. ನೆಬ್ಯುಲೈಸರಿಗೆ, ರಾತ್ರಿ ಮಲಗುವಾಗ ಹಾಕುವ ಸಿಪ್ಯಾಪ್ ಯಂತ್ರದ ತೇವದ ಡಬ್ಬಿಗೆ ನಲ್ಲಿ ನೀರು ತುಂಬಬೇಡಿ. ಫಿಲ್ಟರ್ ನೀರೂ ಬೇಡ. ನೆಬ್ಯುಲೈಸರಿಗೆ ವೈದ್ಯರು ಬರೆದುಕೊಟ್ಟ ಸೇಲೈನ್, ಸಿಪ್ಯಾಪಿಗೆ ಡಿಸ್ಟಿಲ್ಡ್ ನೀರು. ಬಳಸಿದ ಮೇಲೆ ತೊಳೆದು ಒಣಗಿಸಿ. ತೇವ ಉಳಿದ ಡಬ್ಬಿ ಮತ್ತೊಂದು ಶವರ್ ತಲೆಯೇ.

ಮದುವೆ ಛತ್ರಗಳಲ್ಲಿ ಬೇಸಿಗೆಗೆಂದು ಮಂಜು ಚಿಮ್ಮಿಸುವ ಫ್ಯಾನುಗಳನ್ನು ನಿಲ್ಲಿಸುವುದು ಈಗ ರೂಢಿಯಾಗಿದೆ. ಅದರ ಕೆಳಗಿನ ತೊಟ್ಟಿಯನ್ನು ಯಾರು ಯಾವಾಗ ತೊಳೆದರು ಎಂದು ಕೇಳುವವರಿಲ್ಲ. 1989ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಲೂಸಾ ಊರಿನ ಅಂಗಡಿಯೊಂದರಲ್ಲಿ ತರಕಾರಿ ಬಾಡದಿರಲೆಂದು ಮಂಜು ಹನಿಸುತ್ತಿದ್ದ ಯಂತ್ರದಿಂದಲೇ ಲೀಜನೇರ್ಸ್ ರೋಗ ಹರಡಿತ್ತು. ಸೊಪ್ಪು ಕೊಳ್ಳಲು ಹೋದವರು ಆಸ್ಪತ್ರೆ ಸೇರಿದರು. ಮೊಮ್ಮಗಳ ಮದುವೆಗೆ ಬಂದು ಫ್ಯಾನಿನ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂರುವ ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರನ್ನು ನೋಡಿದಾಗೆಲ್ಲ ನನಗೆ ಆತಂಕವಾಗುತ್ತದೆ. ಛತ್ರದವರು ಪ್ರತಿ ಸಮಾರಂಭಕ್ಕೆ ಮುಂಚೆ ತೊಟ್ಟಿ ಖಾಲಿ ಮಾಡಿ, ತಿಕ್ಕಿ, ಹೊಸ ನೀರು ತುಂಬಿಸುವುದು ಕಷ್ಟದ ಕೆಲಸವಲ್ಲ. ಕೇಳಿದರೆ ಮಾಡುತ್ತಾರೆ, ಕೇಳಬೇಕು.

ಲಾಡ್ಜು, ರೆಸಾರ್ಟುಗಳಲ್ಲಿ ಸೀಸನ್ ಮುಗಿದ ಮೇಲೆ ತಿಂಗಳುಗಟ್ಟಲೆ ಮುಚ್ಚಿದ್ದ ಕೋಣೆಯನ್ನು ಅತಿಥಿ ಬಂದ ದಿನವೇ ತೆರೆಯುತ್ತಾರೆ. ಹಾಸಿಗೆ ಹೊದಿಕೆ ಬದಲಾಗುತ್ತದೆ, ಪೈಪಿನ ನೀರು ಬದಲಾಗುವುದಿಲ್ಲ. ಆಸ್ಪತ್ರೆಗಳ ಹೊಣೆ ಇದಕ್ಕಿಂತ ದೊಡ್ಡದು. ಕಸಿ, ಕ್ಯಾನ್ಸರ್, ಐಸಿಯು ಘಟಕಗಳಿರುವ ಕಡೆ ನಿಯಮಿತವಾಗಿ ನಲ್ಲಿ, ಶವರುಗಳ ನೀರನ್ನು ಲೀಜಿಯೊನೆಲ್ಲಾಕ್ಕಾಗಿ ಪರೀಕ್ಷಿಸಬೇಕು, ಬೇಕಾದ ಕಡೆ ನಲ್ಲಿಯ ಬಾಯಿಗೇ 0.2 ಮೈಕ್ರಾನಿನ ಫಿಲ್ಟರ್ ಕೂರಿಸಬೇಕು, ಕಟ್ಟಡ ಬದಲಾಯಿಸುವಾಗ ಬಳಕೆ ತಪ್ಪಿ ಗೋಡೆಯೊಳಗೆ ಕುರುಡಾಗಿ ಉಳಿದ ಪೈಪಿನ ತುಂಡುಗಳನ್ನು ಕಿತ್ತು ಹಾಕಿಸಬೇಕು. ಲಕ್ಷಗಟ್ಟಲೆ ಖರ್ಚು ಮಾಡಿ ಮೂತ್ರಪಿಂಡ ಕಸಿ ಮಾಡಿಸಿಕೊಂಡ ಕುಟುಂಬಕ್ಕೆ ಈ ಪರೀಕ್ಷೆಯ ವರದಿ ಕೇಳುವ ಹಕ್ಕಿದೆ ಎಂದು ನಾನು ನಂಬುತ್ತೇನೆ.

ಕೊನೆಯದಾಗಿ ರೋಗ ಬಂದಾಗ. ಲೀಜಿಯೊನೆಲ್ಲಾ ಒಳಹೊಕ್ಕ ಎರಡರಿಂದ ಹತ್ತು ದಿನಗಳಲ್ಲಿ, ಕೆಲವೊಮ್ಮೆ ಇನ್ನೂ ತಡವಾಗಿ, ಜ್ವರ ಶುರುವಾಗುತ್ತದೆ. ಕೆಮ್ಮು, ಏದುಸಿರಿನ ಜೊತೆ ಭೇದಿ, ತಲೆನೋವು, ಅಸಂಬದ್ಧ ಮಾತು, ರಕ್ತದಲ್ಲಿ ಸೋಡಿಯಂ ಕುಸಿತ ಕಂಡರೆ ಈ ಅನುಮಾನ ಬಲವಾಗಬೇಕು. ಮಾಮೂಲಿ ಕಫದ ಕಲ್ಚರಿನಲ್ಲಿ ಇದು ಬೆಳೆಯುವುದಿಲ್ಲ, ಇದಕ್ಕೆ ಕಬ್ಬಿಣ ಮತ್ತು ಸಿಸ್ಟೀನ್ ಸೇರಿಸಿದ ಬೇರೆ ಮಾಧ್ಯಮವೇ ಬೇಕು. ನ್ಯುಮೋನಿಯಾಕ್ಕೆ ಸಾಮಾನ್ಯವಾಗಿ ಕೊಡುವ ಪೆನಿಸಿಲಿನ್, ಸೆಫಲೊಸ್ಪೊರಿನ್ ಗುಂಪಿನ ಔಷಧಿಗಳು ಕೋಶದೊಳಗೆ ಅಡಗಿದ ಇದನ್ನು ಮುಟ್ಟುವುದಿಲ್ಲ. ಅಜಿತ್ರೊಮೈಸಿನ್, ಲಿವೊಫ್ಲಾಕ್ಸಾಸಿನ್ ಮುಟ್ಟುತ್ತವೆ. ಮೂತ್ರದಲ್ಲಿ ಇದರ ಕುರುಹು ಹುಡುಕುವ ಪರೀಕ್ಷೆ ಬೇಗ ಮುಗಿಯುತ್ತದೆ. ಆಸ್ಪತ್ರೆಗೆ ಸೇರಿದವರು ಇತ್ತೀಚೆಗೆ ಹೋಟೆಲಿನಲ್ಲಿ ತಂಗಿದ್ದರೆ, ಬಹಳ ದಿನ ಮುಚ್ಚಿದ್ದ ಮನೆಗೆ ಮರಳಿದ್ದರೆ, ಬೇರೆ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದರೆ ಮನೆಯವರು ಅದನ್ನು ವೈದ್ಯರಿಗೆ ಕೇಳದೆಯೇ ಹೇಳಬೇಕು, ಆ ಮೂತ್ರ ಪರೀಕ್ಷೆಯ ಮಾತೆತ್ತಬೇಕು. ಪರೀಕ್ಷೆ ಹಿಡಿಯುವುದು ಮುಖ್ಯವಾಗಿ ಲೀಜಿಯೊನೆಲ್ಲಾದ ಒಂದೇ ಉಪಬಗೆಯನ್ನು. ಇಲ್ಲವೆಂದು ವರದಿ ಬಂದರೂ, ರೋಗಿಯ ಸ್ಥಿತಿ ಬೇರೆ ಹೇಳುತ್ತಿದ್ದರೆ ಔಷಧಿ ನಿಲ್ಲಿಸಬಾರದು.